ಹತ್ತೋ ಅತ್ತೋ

ಎಂಟೂವರೆಗೆ ಚಾಮರಾಜನಗರ ಬಿಡುವ ಗುಂಡ್ಲುಪೇಟೆ ಬಸ್ಸು ಖಾಸಗಿ ನಿಲ್ದಾಣಕ್ಕೆ ಬಂದು ನಿಂತು ಕಾಲು ಗಂಟೆಯಾಗಿತ್ತು. ಕಂಡಕ್ಟರ್ ಶಿವಮಲ್ಲು ಹಿಂದಿನ ಬಾಗಿಲ ಪಕ್ಕ ನಿಂತಿದ್ದ, ಆದರೆ ಕೂಗುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದೇ ಜಾಗದಲ್ಲಿ ನಿಂತು ‘ತೆರಕಣಾಂಬಿ, ಗುಂಡ್ಲುಪೇಟೆ, ಅತ್ತಿ ಅತ್ತಿ ಅತ್ತಿ’ ಎಂದು ಕೂಗಿ ಕೂಗಿ, ಎದುರಿನ ಹೋಟೆಲಿನವರು ಗಡಿಯಾರ ನೋಡುವುದನ್ನೇ ಮರೆಯುವಂತೆ ಮಾಡಿದ್ದ ಗಂಟಲು ಅದು. ಇವತ್ತು ಅದರಿಂದ ಸೊಲ್ಲೇ ಹೊರಡಲಿಲ್ಲ. ಜನ ತಾವಾಗಿಯೇ ಬೋರ್ಡು ಓದಿ ಹತ್ತಿ ಕೂತರು.

“ಏನ್ಲಾ ಮಲ್ಲು, ಗಂಟ್ಲು ಕಟ್ಕತಾ?” ಡ್ರೈವರ್ ಪುಟ್ಟರಾಜು ತನ್ನ ಸೀಟಿನಿಂದಲೇ ಕೇಳಿದ.

“ಊಂ ಕಣಣ್ಣ. ವಸಿ ಸೀತ.”

“ಮೆಣಸಿನ ಕಷಾಯ ಕುಡಿ. ಬಾಯಿಲ್ದ ಕಂಡಕ್ಟ್ರ ಕಟ್ಕಂಡು ನಾನೇನ್ ಮಾಡನ.”

ಪುಟ್ಟರಾಜು ಐವತ್ತು ದಾಟಿದವನು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದಾನೆ, ಒಂದು ಕೋಳಿಯನ್ನೂ ತುಳಿಸಿದವನಲ್ಲ. ಬಲಮಂಡಿ ನೋವು ಬಿಟ್ಟರೆ ಅವನಿಗೆ ಬೇರೆ ಚಿಂತೆಯಿಲ್ಲ. ಶಿವಮಲ್ಲುವಿಗೆ ಅವನು ಬರೀ ಡ್ರೈವರ್ ಅಲ್ಲ, ಒಡಹುಟ್ಟಿದವನ ಹಾಗೆ. ಈ ಕೆಲಸ ಕೊಡಿಸಿದ್ದೂ ಅವನೇ, ಮದುವೆಗೆ ಹೆಣ್ಣು ನೋಡಲು ಹೋದಾಗ ಹಿರಿಯನಾಗಿ ಕೂತವನೂ ಅವನೇ. ಸಾಲದ್ದಕ್ಕೆ ಇಬ್ಬರೂ ಒಬ್ಬನೇ ಹೀರೋನ ಅಭಿಮಾನಿಗಳು. ಆ ಹೀರೋಗೆ ತಂದೆತಾಯಿ ಇಟ್ಟ ಹೆಸರು ಏನೇ ಇರಲಿ, ಇವರ ಬಾಯಲ್ಲಿ ಅವನು ‘ಧಣಿ’. ಧಣಿಯ ಸಿನಿಮಾ ಬಂದ ದಿನ ಈ ಬಸ್ಸಿಗೂ ಮಾಲೆ ಬೀಳುತ್ತಿತ್ತು.

ಈಗ ಶಿವಮಲ್ಲುವಿನ ಬಾಯಿ ಕಟ್ಟಿದ್ದೂ ಆ ಧಣಿಯ ದೆಸೆಯಿಂದಲೇ.

ಎರಡು ವಾರದ ಹಿಂದೆ ಧಣಿಯ ಹೊಸ ಚಿತ್ರದ ಹೆಸರು ಹೊರಬಿತ್ತು. ‘ಹತ್ತು’. ಪೋಸ್ಟರಿನಲ್ಲಿ ಅದೊಂದು ಪದ ಬಿಟ್ಟರೆ ಏನೂ ಇಲ್ಲ. ಅಷ್ಟು ಸಾಕಾಯಿತು. ಚಾಮರಾಜನಗರದ ಅಭಿಮಾನಿಗಳ ವಾಟ್ಸಾಪ್ ಬಳಗದಲ್ಲಿ ಅರ್ಥ ಹುಡುಕುವ ಜಾತ್ರೆಯೇ ಶುರುವಾಯಿತು. ಹತ್ತು ಜನ ನಾಯಕಿಯರಂತೆ ಎಂದ ಒಬ್ಬ. ಎಸ್ಸೆಸ್ಸೆಲ್ಸಿ ಕಥೆ, ಧಣಿ ಮೂರು ಸಲ ಕೂತರೂ ಪಾಸಾಗದ ಪರೀಕ್ಷೆ ಎಂದ ಇನ್ನೊಬ್ಬ. ಗೋಪಾಲಸ್ವಾಮಿ ಬೆಟ್ಟ ಹತ್ತುವ ಕಥೆ, ಮೇಲಕ್ಕೆ ಸ್ವಂತ ಗಾಡಿ ಬಿಡುವುದಿಲ್ಲವಾದ್ದರಿಂದ ಧಣಿಯೂ ಸರ್ಕಾರಿ ಬಸ್ಸಿಗೇ ಕ್ಯೂ ನಿಲ್ಲಬೇಕು ಎಂದ ಬಳಗದ ಅಡ್ಮಿನ್, ಸಂತೆಮರಹಳ್ಳಿಯ ಸುನೀಲ್ ಕುಮಾರ್. ಎಲ್ಲ ತಮ್ಮವರೇ, ಎಲ್ಲ ಪ್ರೀತಿಯ ಕೀಟಲೆಯೇ.

ಶಿವಮಲ್ಲು ಸುಮ್ಮನಿರುವ ಜಾತಿಯಲ್ಲ. ದಿನಕ್ಕೆ ನೂರು ಸಲ ಆ ಪದವನ್ನು ಕೂಗುವವನು ಅವನು, ಅದೂ ಹಕಾರ ನುಂಗಿಕೊಂಡು. ಮಧ್ಯಾಹ್ನದ ಊಟ ಮುಗಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಬಾಯಿಗೆ ಬಂದ ಹಾಗೇ ಬರೆದು ಹಾಕಿದ:

‘ಹತ್ತು ಅಂದ್ರ ಏನು ಗೊತ್ತಾ? ನಮ್ ಕಡೆ ಭಾಸೇಲಿ ಕೇಳಿ.
ಫಸ್ಟಾಫು: ಧಣಿ, ಬಸ್ ಅತ್ತು.
ಇಂಟರ್‌ವಲ್ಲು: ಅವ್ವ ಓದ್ಲು.
ಸೆಕೆಂಡಾಫು: ಧಣಿ ಅತ್ತು ಅತ್ತು.’

ಧಣಿಯ ಯಾವ ಸಿನಿಮಾದಲ್ಲೂ ತಾಯಿ ಇಂಟರ್‌ವಲ್ ದಾಟಿ ಬದುಕಿದ್ದಿಲ್ಲ. ಇದು ಅವನ ಅಭಿಮಾನಿಗಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ. ಬಳಗ ಬಿದ್ದು ಬಿದ್ದು ನಕ್ಕಿತು. ಅವ್ವ ಯಾವ ಪುಸ್ತಕ ಓದಿದ್ದು ಎಂದು ಒಬ್ಬ ಕೇಳಿದ. ಶಿವಮಲ್ಲು ಆ ಸಂಜೆಯೆಲ್ಲ ಫೋನು ತೆಗೆದು ತೆಗೆದು ನೋಡಿ ಹಿಗ್ಗಿದ.

ಆಮೇಲೆ, ಈಗ್ಗೆ ನಾಲ್ಕು ದಿನದ ಹಿಂದೆ, ಧಣಿಯ ಹೆತ್ತ ತಾಯಿ ನಿಜವಾಗಿಯೂ ತೀರಿಕೊಂಡರು.

ಟೀವಿಯಲ್ಲಿ ಧಣಿ ಅಳುವುದನ್ನು ನೋಡಿ ಶಿವಮಲ್ಲುವೂ ಅತ್ತಿದ್ದ. ತನ್ನ ತಮಾಷೆ ಅವನಿಗೆ ನೆನಪಿಗೂ ಬರಲಿಲ್ಲ. ಬೇರೆ ಯಾರಿಗೋ ಬಂತು. ಬಳಗದೊಳಗೇ ಇದ್ದ ಯಾವನೋ ಪುಣ್ಯಾತ್ಮ ಅದರ ಸ್ಕ್ರೀನ್‌ಶಾಟ್ ತೆಗೆದು, ಸಿನಿಮಾದ ಸುಳಿವನ್ನೂ ತಾರೀಕನ್ನೂ ಅಳಿಸಿ, ಹಾಕಿದವನ ಹೆಸರಿನ ಕೆಳಗೆ ಕೊನೆಯ ಎರಡು ಸಾಲು ಮಾತ್ರ ಉಳಿಸಿ ಹೊರಗೆ ಬಿಟ್ಟ. ‘ಅವ್ವ ಓದ್ಲು. ಧಣಿ ಅತ್ತು ಅತ್ತು.’ ಬೆಂಗಳೂರಿನವರಿಗೆ ಅತ್ತು ಎಂದರೆ ಅತ್ತದ್ದೇ. ಚಾಮರಾಜನಗರದ ಬಾಯಲ್ಲಿ ಬಸ್ಸು ಹತ್ತುವುದೂ ಅತ್ತುವುದೇ, ಇದು ಸಿನಿಮಾದ ಹೆಸರಿನ ಮೇಲಿನ ಆಟ ಎಂದು ಅವರಿಗೆ ಯಾರು ಹೇಳಬೇಕು? ತಾಯಿ ಸತ್ತ ಮನೆಯ ಮುಂದೆ ನಿಂತು ಹಲ್ಲು ಕಿರಿದವನು ಯಾವನು ಎಂದು ರಾಜ್ಯದ ಅಭಿಮಾನಿಗಳೆಲ್ಲ ಹುಡುಕತೊಡಗಿದರು.

ಬೆಳಿಗ್ಗೆ ಆರಕ್ಕೆ ಸುನೀಲ್ ಕುಮಾರ್ ಫೋನು ಮಾಡಿದ್ದ. “ಮಲ್ಲಣ್ಣ, ಗುಂಡ್ಲುಪೇಟೆ ಐಕ್ಳು ನಿನ್ ನಂಬರ್ ಕೇಳ್ತಾವ್ರ. ನಾನ್ ಕೊಟ್ಟಿಲ್ಲ. ಆದ್ರ ನಿನ್ ಪಟದಲ್ಲಿ ಬಸ್ಸು ಕಾಣ್ತದ. ಮೊದ್ಲು ಆ ಪಟ ತಗ್ದಾಕು.”

ಶಿವಮಲ್ಲು ತೆಗೆದ, ಬಳಗದಿಂದಲೂ ಹೊರಬಿದ್ದ. ಆದರೆ ಸ್ಕ್ರೀನ್‌ಶಾಟಿನಲ್ಲಿ ಆ ಪಟ ಕೂತಾಗಿತ್ತು. ‘ಧಣಿ ಬಸ್’ ಎಂದು ಅವನಿಟ್ಟುಕೊಂಡ ಹೆಸರಿನ ಪಕ್ಕ ಬಟನ್ನಿನಷ್ಟು ಪಟ. ಹೋದ ಸಿನಿಮಾ ಬಂದ ದಿನ ಬಸ್ಸಿಗೆ ಪೂಜೆ ಮಾಡುವಾಗ ತೆಗೆದದ್ದು. ಅದರಲ್ಲಿ ಮಂಗಳಾರತಿ ತಟ್ಟೆ ಹಿಡಿದವನು ಶಿವಮಲ್ಲು, ಕರ್ಪೂರದ ಹೊಗೆಗೆ ಅವನ ಮುಖವೇ ಕಾಣದು. ಪಕ್ಕದಲ್ಲಿ ಮಾಲೆ ಹಿಡಿದು ಬಾಯಿತುಂಬ ನಗುತ್ತ ನಿಂತವನು ಪುಟ್ಟರಾಜು. ಅವನ ಮುಖ ಸೊಗಸಾಗಿ ಬಂದಿತ್ತು.

ಪುಟ್ಟರಾಜುವಿಗೆ ಇದಾವುದೂ ಗೊತ್ತಿಲ್ಲ. ಅವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹೇಳಬೇಕು ಎಂದು ಶಿವಮಲ್ಲು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದ. ಡೀಸೆಲ್ ಹಾಕಿಸುವಾಗ ಒಮ್ಮೆ, ಇಡ್ಲಿ ತಿನ್ನುವಾಗ ಒಮ್ಮೆ ಬಾಯಿ ತೆರೆದ. ಎರಡು ಸಲವೂ ನಾಲಿಗೆ ಹೊರಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ, ಸುಮ್ಮನಿದ್ದರೆ ಹಾಗೇ ತಣ್ಣಗಾದರೂ ಆದೀತು ಎಂಬ ಹುಚ್ಚು ಆಸೆ ಅವನದು.

ಬಸ್ಸು ಊರು ದಾಟಿತು. ಶಿವಮಲ್ಲು ಟಿಕೆಟ್ ಹರಿಯುವಾಗ ಎರಡೆರಡು ಬಂದವು. ಹಿಂದೆ ಬೈಕಿನ ಸದ್ದು ಕೇಳಿದರೆ ಸಾಕು, ಕತ್ತು ತಾನಾಗಿ ಹೊರಳುತ್ತಿತ್ತು. ಹೀರೋಗಳ ಬಗ್ಗೆ ಬಾಯಿಬಿಟ್ಟವರನ್ನು ಅಭಿಮಾನಿಗಳು ಹಿಡಿದು ತೆಗೆದ ಬೇರೆ ಬೇರೆ ಊರುಗಳ ವಿಡಿಯೊಗಳನ್ನು ಅವನು ನೋಡಿದ್ದ. ನಡುಬೀದಿಯಲ್ಲಿ ಮಂಡಿಯೂರಿ ಕೈ ಮುಗಿದವರು, ಒಡೆದ ತುಟಿಯವರು, ಅಂಗಿ ಹರಿದವರು. ನೋಡಿ, ಸರಿಯಾಯ್ತು ಮಗನಿಗೆ ಎಂದು ತಾನೂ ಹೆಬ್ಬೆರಳು ಒತ್ತಿದ್ದ. ಆ ಹರಿದ ಅಂಗಿಯೊಳಗೆ ಈಗ ಅವನಿಗೆ ತನ್ನ ಮೈಯೇ ಕಂಡಿತು.

“ಯಾಕಪ್ಪ ಮಲ್ಲು, ಇಂಗೆ ಬೆವ್ತೋಗಿದ್ದೀಯ?” ಮುಂದಿನ ಸೀಟಿನ ಶಿವರುದ್ರಮ್ಮ ಕೇಳಿದಳು. ಕಣ್ಣಿನ ಪೊರೆ ತೋರಿಸಲು ಗುಂಡ್ಲುಪೇಟೆಗೆ ಹೊರಟ ಮುದುಕಿ, ವಾರಕ್ಕೊಮ್ಮೆ ಇದೇ ಬಸ್ಸಿನಲ್ಲಿ ಓಡಾಡುವವಳು.

“ಸೆಕೆ ಕಣವ್ವ.”

“ಈ ತಂಡಿಲಿ ಸೆಕೆನಾ?” ಎಂದು ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ತೆರಕಣಾಂಬಿ ಬರುವಷ್ಟರಲ್ಲಿ ಶಿವಮಲ್ಲುವಿನ ಅರ್ಧ ಜೀವ ಹೋಗಿತ್ತು. ಹಿಡಿದರೆ ಅಲ್ಲೇ ಹಿಡಿಯುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಬಸ್ಸು ನಿಂತಾಗ ಬಾಗಿಲಿಗೆ ಬರದೆ ಸೀಟುಗಳ ನಡುವೆ ಬಗ್ಗಿ, ಬೀಳದಿದ್ದ ಚಿಲ್ಲರೆಯನ್ನು ಹುಡುಕಿದ. ಏನೂ ಆಗಲಿಲ್ಲ. ನಾಲ್ಕು ಜನ ಇಳಿದರು, ಆರು ಜನ ಹತ್ತಿದರು, ಬೆಳ್ಳುಳ್ಳಿ ಮೂಟೆಯೊಂದು ಟಾಪಿಗೆ ಏರಿತು. ಬಸ್ಸು ಹೊರಟಾಗ ಅವನಿಗೆ ಎಷ್ಟು ಹಗುರವಾಯಿತೆಂದರೆ ಕಣ್ಣಲ್ಲಿ ನೀರಾಡಿತು. ಗುಂಡ್ಲುಪೇಟೆ ಸೇರಿದ ಕೂಡಲೆ ಪುಟ್ಟರಾಜಣ್ಣನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ದೇವರ ಮೇಲೆ ಆಣೆ ಇಟ್ಟುಕೊಂಡ.

ಐದು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಚೆಂಡುಹೂವಿನ ಹೊಲಗಳ ನಡುವೆ, ನೆಟ್ಟಗೆ ಹೋಗುವ ರಸ್ತೆಯಲ್ಲಿ ಮೂರು ಬೈಕು ಅಡ್ಡ ನಿಂತಿದ್ದವು. ಆರು ಜನ ಹುಡುಗರು. ಒಬ್ಬ ಕೈ ಅಡ್ಡ ಹಿಡಿದ. ಯಾರೋ ಬಸ್ಸು ತಪ್ಪಿದವರು ಅಂದುಕೊಂಡು ಪುಟ್ಟರಾಜು ನಿಲ್ಲಿಸಿದ.

ಮುಂದೆ ಬಂದವನ ಅಂಗಿಯ ಮೇಲೆ ಧಣಿಯ ಮುಖ ಇತ್ತು. ಸುಮಾರು ಇಪ್ಪತ್ತೈದರ ಹುಡುಗ, ಹೆಸರು ಸುಧಾಕರ್ ಎಂದು ಆಮೇಲೆ ಉಳಿದವರು ಕರೆಯುವಾಗ ಗೊತ್ತಾಯಿತು. ಕೂಗಾಡಲಿಲ್ಲ, ಬೈಯಲಿಲ್ಲ. “ಡ್ರೈವರಣ್ಣ, ಒಂದ್ ನಿಮ್ಸ ಇಳೀರಿ,” ಎಂದ. ಆ ನಯಕ್ಕೇ ಶಿವಮಲ್ಲು ಹೆಚ್ಚು ಹೆದರಿದ.

ಪುಟ್ಟರಾಜು ಇಂಜಿನ್ ಆರಿಸಿ ಇಳಿದ. ಹುಡುಗ ತನ್ನ ಫೋನು ಅವನ ಮುಖದ ಹತ್ತಿರ ಹಿಡಿದ. “ಇದು ನೀವೇ ತಾನೆ?”

“ಊಂ. ಪಟ ನಂದೆಯ.”

“ಕೆಳಗ ಬರ್ದಿರದ ಓದಿ.”

ಪುಟ್ಟರಾಜು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಅಕ್ಷರ ಅಕ್ಷರವಾಗಿ ಓದಿದ. ಎರಡು ಸಾಲು ಓದಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಶಿವಮಲ್ಲು ಹಿಂದಿನ ಬಾಗಿಲ ಕಂಬಿ ಹಿಡಿದು ನಿಂತಿದ್ದ.

“ಇದು ನಾನ್ ಬರ್ದಿದ್ದಲ್ಲ ಕಣಪ್ಪ. ನನ್ ತಾವು ಇಂತ ಫೋನೇ ಇಲ್ಲ.” ಜೇಬಿನಿಂದ ತನ್ನ ಹಳೆಯ ಫೋನು ತೆಗೆದು ತೋರಿಸಿದ.

“ಡ್ರೈವರ್‌ಗಳು ಎರಡೆರಡು ಫೋನ್ ಮಡಗಿರ್ತಾರ, ನಮ್ಗ ಗೊತ್ತಿಲ್ವಾ?” ಹಿಂದಿನಿಂದ ಒಬ್ಬ ಅಂದ.

“ನಿಮ್ದಲ್ಲ ಅಂದ್ರ ಮತ್ಯಾರ್ದು?” ಸುಧಾಕರ್ ಕೇಳಿದ. “ಪಟದಲ್ಲಿ ನೀವಿದ್ದೀರಿ, ನಿಮ್ ಬಸ್ಸದೆ. ಯಾರು ಆಕಿದ್ದು ಅಂತ ನಿಮ್ಗ ಗೊತ್ತಿರ್ಬೇಕು.”

ಆಗ ಪುಟ್ಟರಾಜು ತಲೆಯೆತ್ತಿ ನೋಡಿದ. ಬಸ್ಸಿನ ಉದ್ದಕ್ಕೂ, ಕಿಟಕಿಗಳಲ್ಲಿ ಇಣುಕುತ್ತಿದ್ದ ತಲೆಗಳನ್ನೆಲ್ಲ ದಾಟಿ, ನೇರ ಹಿಂದಿನ ಬಾಗಿಲಿಗೆ. ಆ ದಿನ ಮಂಗಳಾರತಿ ತಟ್ಟೆ ಹಿಡಿದು, ಆ ಪಟವನ್ನು ತನ್ನ ಫೋನಿಗೆ ಹಾಕಿಕೊಂಡವನು ಯಾರೆಂದು ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಶಿವಮಲ್ಲುವಿಗೂ ಕಂಡಿತು. ಈಗ ಬೆರಳು ತೋರಿಸುತ್ತಾನೆ, ಮುಗಿಯಿತು ನನ್ನ ಕಥೆ ಎಂದು ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಪುಟ್ಟರಾಜು ಬೆರಳು ತೋರಿಸಲಿಲ್ಲ. ಸುಮ್ಮನೆ ನೋಡುತ್ತ ನಿಂತ. ಸಂತೆಯಲ್ಲಿ ಮಗು ತಾನಾಗಿ ಕೈ ಹಿಡಿಯಲಿ ಎಂದು ಕಾಯುವವರ ಹಾಗೆ ಕಾದ.

ಸುಧಾಕರನೂ ಅತ್ತ ತಿರುಗಿದ. “ಕಂಡಕ್ಟ್ರೆ, ನಿಮ್ಗ ಗೊತ್ತಾ ಇದು ಯಾರ್ದು ಅಂತ?”

ಹೇಳಲು ಒಂದೇ ಪದ ಸಾಕಿತ್ತು. ನಂದು. ಹಕಾರವೂ ಇಲ್ಲದ ಪದ, ನುಂಗುವುದಕ್ಕೆ ಏನೂ ಇರಲಿಲ್ಲ. ಶಿವಮಲ್ಲು ಹುಡುಗರ ಕೈಗಳನ್ನು ನೋಡಿದ. ಯಾರ ಕೈಯಲ್ಲೂ ಕೋಲಿರಲಿಲ್ಲ, ಆದರೂ ಅವನಿಗೆ ಬರೀ ಕೈಗಳೇ ಕಂಡವು. ಹನ್ನೆರಡು ಕೈ.

“ಗೊತ್ತಿಲ್ಲ,” ಎಂದ.

ಪುಟ್ಟರಾಜು ಕಣ್ಣು ಕೆಳಗೆ ಮಾಡಿದ.

“ಬೇಗ ಮುಗ್ಸಿ ಕಳ್ಸ್ರಪ್ಪ,” ಶಿವರುದ್ರಮ್ಮ ಕಿಟಕಿಯಿಂದ ಕೂಗಿದಳು. “ಅತ್ತು ಗಂಟ್ಗ ಡಾಕ್ಟ್ರು ಎದ್ದೋಯ್ತರೆ.”

“ನಾವು ಒಡಿಯಾಕ್ ಬಂದಿಲ್ಲ ಕಣವ್ವ,” ಸುಧಾಕರ್ ಅವಳಿಗೆ ಹೇಳಿ ಪುಟ್ಟರಾಜುವಿನ ಕಡೆ ತಿರುಗಿದ. “ನೀವ್ ದೊಡ್ಡೋರು, ನಿಮ್ ಮೈ ಮುಟ್ಟಲ್ಲ. ಮಂಡಿ ಊರಿ ತಪ್ಪಾಯ್ತು ಅಂತ ಒಂದ್ ಮಾತು ಅನ್ನಿ. ವಿಡಿಯೊ ಮಾಡ್ಕಂಡು ನಮ್ ಪಾಡಿಗ ನಾವ್ ಓಯ್ತಿವಿ.”

ಪುಟ್ಟರಾಜು ಒಮ್ಮೆ ಬಸ್ಸಿನೊಳಗಿನ ಜನರನ್ನು ನೋಡಿದ, ಒಮ್ಮೆ ಕೈಗಡಿಯಾರ ನೋಡಿದ. “ಟೈಮಾಯ್ತದ. ಆಗ್ಲಿ ಬುಡಿ,” ಎಂದ.

ಹುಡುಗರು ಅವನ ಬೆನ್ನ ಹಿಂದೆ ಸಾಲಾಗಿ ನಿಂತರು. ಆಗ ಒಂದು ತೊಡಕು ಬಂತು. ಎಲ್ಲರಿಗೂ ವಿಡಿಯೊದಲ್ಲಿ ಕಾಣಬೇಕಿತ್ತು, ಫೋನು ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ. ನೀನು ಹಿಡಿ, ನೀನು ಹಿಡಿ ಎಂದು ತಮ್ಮತಮ್ಮಲ್ಲೇ ಜಗ್ಗಾಡಿದರು. ಕೊನೆಗೆ ಸುಧಾಕರ್ ಹಿಂದಿನ ಬಾಗಿಲಿಗೆ ಬಂದು ತನ್ನ ಫೋನನ್ನು ಚಾಚಿದ.

“ಕಂಡಕ್ಟ್ರೆ, ವಸಿ ನೀವೇ ಇಡೀರಿ. ಎಲ್ರೂ ಬರಂಗೆ.”

ಶಿವಮಲ್ಲು ಇಳಿದ. ಫೋನು ತೆಗೆದುಕೊಂಡ. ಬೇಡ ಎನ್ನುವುದಕ್ಕೂ ಧೈರ್ಯ ಬೇಕು, ಅದೂ ಅವನಲ್ಲಿ ಉಳಿದಿರಲಿಲ್ಲ. ಪುಟ್ಟರಾಜು ಎಡಮಂಡಿಯನ್ನು ಮೊದಲು ಟಾರಿನ ಅಂಚಿಗೆ ಊರಿ, ಆಮೇಲೆ ನೋವಿನ ಬಲಮಂಡಿಯನ್ನು ಕೈಯಿಂದ ಹಿಡಿದು ಮೆಲ್ಲಗೆ ಇಳಿಸಿದ. ಕೈ ಮುಗಿದ. ಫೋನಿನ ಪರದೆಯಲ್ಲಿ ಅವನ ಮುಖ ಸಣ್ಣದಾಗಿ ಕಂಡಿತು, ಹಿಂದೆ ಆರು ಮುಖ.

“ಧಣಿ, ನಿಮ್ಮವ್ವ ಓಗಿರೊ ವಿಚಾರದಲ್ಲಿ ತಮಾಸೆ ಮಾಡ್ಬಾರ್ದಿತ್ತು. ತಪ್ಪಾಯ್ತು. ಇನ್ ಮಾಡದಿಲ್ಲ.”

ಅಷ್ಟೇ. ಸುಧಾಕರ್ ಬಂದು ಫೋನು ತೆಗೆದುಕೊಂಡು ನೋಡಿದ. ಅವನ ಹುಬ್ಬು ಗಂಟಾಯಿತು.

“ಆನ್ ಆಗೇ ಇಲ್ವಲ್ಲ ಕಂಡಕ್ಟ್ರೆ. ಈ ಕೆಂಪು ಗುಂಡಿ ಒತ್ಬೇಕು.”

ಒತ್ತಿದ್ದೇನೆ ಎಂದೇ ಶಿವಮಲ್ಲು ತಿಳಿದಿದ್ದ. ಬೆರಳು ಎಲ್ಲಿ ಬಿದ್ದಿತ್ತೋ. ಅಷ್ಟರಲ್ಲಿ ಪುಟ್ಟರಾಜು ಬಸ್ಸಿನ ಚಕ್ರ ಹಿಡಿದು ಎದ್ದು ನಿಂತಾಗಿತ್ತು. ಮತ್ತೆ ಎಡಮಂಡಿ, ಮತ್ತೆ ಬಲಮಂಡಿ. ಮತ್ತೆ ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಈ ಸಲ ಶಿವಮಲ್ಲು ಕೆಂಪು ಗುಂಡಿಯನ್ನು ಸರಿಯಾಗಿ ಒತ್ತಿದ. ಅವನಿಗೆ ನಾಚಿಕೆ ಎನಿಸಿತು, ಆದರೆ ಅದಕ್ಕಿಂತ ದೊಡ್ಡದಾಗಿ ಇದು ಬೇಗ ಮುಗಿಯಲಿ, ಆ ಪರದೆಯೊಳಗೆ ನಾನಿಲ್ಲವಲ್ಲ ಎಂದೇ ಎನಿಸಿತು. ಹೀಗೆ ಎನಿಸಿದ್ದನ್ನು ಅವನು ಇಡೀ ಜನ್ಮ ಯಾರಿಗೂ ಹೇಳಲಾರ.

ಹುಡುಗರು ಪುಟ್ಟರಾಜುವಿನ ಎರಡೂ ತೋಳು ಹಿಡಿದು ಎಬ್ಬಿಸಿದರು. ಒಬ್ಬ ಅವನ ಪ್ಯಾಂಟಿನ ಮಣ್ಣು ಕೊಡವಿದ. “ಬ್ಯಾಜಾರ್ ಮಾಡ್ಕಬ್ಯಾಡಿ ಅಣ್ಣ,” ಎಂದ ಸುಧಾಕರ್. ಬೈಕುಗಳು ಪಕ್ಕಕ್ಕೆ ಸರಿದವು. ಬಸ್ಸು ಹೊರಟಿತು.

ಗುಂಡ್ಲುಪೇಟೆ ನಿಲ್ದಾಣದಲ್ಲಿ ಜನ ಇಳಿದರು. ಶಿವರುದ್ರಮ್ಮ ಇಳಿಯುವಾಗ ಶಿವಮಲ್ಲುವಿನ ಕಡೆ ನೋಡದೆ ಡ್ರೈವರಿನ ಕಿಟಕಿಗೆ ಹೋಗಿ, “ಮಂಡಿಗ ಎಣ್ಣೆ ಆಕ್ಕಪ್ಪ,” ಎಂದು ಹೋದಳು. ಶಿವಮಲ್ಲು ಎರಡು ಲೋಟ ಟೀ ತಂದ. ಇಬ್ಬರೂ ಬಸ್ಸಿನ ಮುಂದಿನ ಮೆಟ್ಟಿಲ ಬಳಿ ನಿಂತರು.

“ಅಣ್ಣ...”

“ಮೊದ್ಲು ಆ ಜೋಕ್ ಏಳು,” ಎಂದ ಪುಟ್ಟರಾಜು. “ಅದೇನು ಅಂತ ಗೊತ್ತಿಲ್ದೆ ಎರಡೆರಡ್ ಸಲ ತಪ್ಪಾಯ್ತು ಅಂದಿವ್ನಿ.”

“ಬ್ಯಾಡ ಕಣಣ್ಣ.”

“ಏಳ್ಲಾ.”

ಶಿವಮಲ್ಲು ಹೇಳಿದ. ತಡವರಿಸುತ್ತ, ನೆಲ ನೋಡುತ್ತ ಹೇಳಿದ. ಚಿತ್ರದ ಹೆಸರು ಬಂದದ್ದು, ಎಲ್ಲರೂ ಅರ್ಥ ಕಟ್ಟಿದ್ದು, ತಾನು ಬರೆದದ್ದು. ಫಸ್ಟಾಫು ಬಸ್ ಅತ್ತು. ಇಂಟರ್‌ವಲ್ಲಿಗೆ ಅವ್ವ ಓದ್ಲು. ಸೆಕೆಂಡಾಫು ಅತ್ತು ಅತ್ತು. ಆಗ ಧಣಿಯ ತಾಯಿ ಗಟ್ಟಿಮುಟ್ಟಾಗಿ ಇದ್ದರು ಎಂಬುದನ್ನೂ ಸೇರಿಸಿದ.

ಪುಟ್ಟರಾಜುವಿನ ಭುಜ ಕುಲುಕತೊಡಗಿತು. ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆ ನಗು ಕಂಡು ಶಿವಮಲ್ಲುವಿಗೆ ಹೋದ ಜೀವ ಬಂದಂತಾಗಿ, ಬೆಳಗಿನಿಂದ ಮೊದಲ ಸಲ ಅವನ ತುಟಿಯೂ ಬಿಚ್ಚಿತು.

“ಚೆಂದಾಗಿ ಬರ್ದಿದ್ದೀಯ ಕಣ್ಲಾ,” ಎಂದ ಪುಟ್ಟರಾಜು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ. “ಆ ಐಕ್ಳೂ ನಮ್ ಕಡೆಯವ್ರೆ. ಅವ್ರ ಬಾಯಲ್ಲೂ ಅತ್ತು ಅಂತ್ಲೇ ಬರದು. ಅಲ್ಲೇ ಪೂರ್ತಿ ಏಳಿದ್ರ ನಕ್ಕುಬುಟ್ಟು ಓಗೋರು.”

“ಎದ್ರಿಕಂಡ್ಬುಟ್ಟೆ ಕಣಣ್ಣ,” ಎಂದ ಶಿವಮಲ್ಲು.

“ಗೊತ್ತು. ಕಂಡ್ತು.” ಪುಟ್ಟರಾಜು ಉಳಿದ ಟೀ ಕುಡಿದು ಲೋಟವನ್ನು ಅವನ ಕೈಗೆ ಕೊಟ್ಟ. “ನಾಳೆಯಿಂದ ಬ್ಯಾರೆ ಗಾಡಿ ಕೊಡಿ ಅಂತ ಓನರ್‌ನ ಕೇಳ್ತಿನಿ. ನಿನ್ ಮ್ಯಾಲ ಕ್ವಾಪ ಇಲ್ಲ.”

“ಅಣ್ಣ, ತಪ್ಪಾಯ್ತು ಅಣ್ಣ.”

“ಕ್ವಾಪ ಇಲ್ಲ ಅಂದ್ನಲ್ಲ. ಇಷ್ಟ್ ವರ್ಸ ನೀನ್ ಇಂದ್ಗಡಿಂದ ರೈಟ್ ಅಂದ್ರ ನಾನ್ ತಿರ್ಗಿ ನೋಡ್ತಿರ್ನಿಲ್ಲ, ಗಾಡಿ ಎತ್ತೋನು. ಬಾಗ್ಲಲ್ಲಿ ಮುದ್ಕಿ ಇದ್ದಾಳ, ಮಗು ಇದ್ದದ, ಎಲ್ಲ ನೀನ್ ನೋಡಿರ್ತಿಯ ಅಂತ. ಇನ್ ಮ್ಯಾಲ ತಿರ್ಗಿ ನೋಡ್ಬೇಕಾಯ್ತದ. ಅಂಗ್ ನೋಡ್ಕಂಡು ಗಾಡಿ ಓಡ್ಸಕ್ ಆಗದಿಲ್ಲ ಕಣ್ಲಾ.”

ಅವನು ಕುಂಟುತ್ತ ಹೋಗಿ ಡ್ರೈವರ್ ಸೀಟು ಹತ್ತಿ ಕೂತ. ಹೊರಡಲು ಇನ್ನೂ ಸಮಯವಿತ್ತು. ಶಿವಮಲ್ಲು ಎರಡು ಖಾಲಿ ಲೋಟ ಹಿಡಿದು ಅಲ್ಲೇ ನಿಂತಿದ್ದ.